ಗೇಮಿಂಗ್ ಮಾರುಕಟ್ಟೆಗೆ ಹೆಸರು ಹುಡುಕಿದ ನಲವತ್ತು ದಿನಗಳ ದಾಖಲೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ ಇದೆ. ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳ ಎಚ್‌ಡಿಎಂಐ ಪೋರ್ಟ್‌ಗೆ ಬೆಸುಗೆ ಹಾಕುವುದು, ಸವೆದ ಕಂಟ್ರೋಲರ್ ಸ್ಟಿಕ್ ಬದಲಾಯಿಸುವುದು, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಥರ್ಮಲ್ ಪೇಸ್ಟ್ ಹಚ್ಚುವುದು ನನ್ನ ದಿನನಿತ್ಯದ ಕೆಲಸ. ರಿಪೇರಿಗೆ ಬಂದವರು ಹಳೆಯದನ್ನು ಯಾರಿಗಾದರೂ ಮಾರಿಸಿಕೊಡಿ ಎಂದು ಕೇಳತೊಡಗಿದ ಮೇಲೆ ಎರಡು ವರ್ಷ ಒಂದು ವಾಟ್ಸಾಪ್ ಗುಂಪಿನಲ್ಲಿ ಈ ಕೊಡುಕೊಳ್ಳುವಿಕೆ ನಡೆಯಿತು. ಗುಂಪು ತುಂಬಿ, ಹರಿಹರ, ಜಗಳೂರು, ಚಿತ್ರದುರ್ಗದಿಂದಲೂ ಜನ ಸೇರಿ, ಯಾರು ಯಾವುದನ್ನು ಎಷ್ಟಕ್ಕೆ ಇಟ್ಟಿದ್ದಾರೆ ಎಂಬುದೇ ಗೊತ್ತಾಗದಂತಾದಾಗ ಅದನ್ನು ಒಂದು ಜಾಲತಾಣವಾಗಿ ಮಾಡುವುದೆಂದು ನಾನೂ ನನ್ನ ಅಕ್ಕನ ಮಗನೂ ನಿರ್ಧರಿಸಿದೆವು. ಇಂಜಿನಿಯರಿಂಗ್ ಓದುತ್ತಿರುವ ಅವನು ತಾಣವನ್ನು ಹನ್ನೆರಡು ದಿನಗಳಲ್ಲಿ ಕಟ್ಟಿ ನಿಲ್ಲಿಸಿದ. ಅದರ ಹೆಸರು ಮಾತ್ರ ನಲವತ್ತು ದಿನ ತೆಗೆದುಕೊಂಡಿತು. ಲಾಂಗ್ ಬುಕ್ಕಿನಲ್ಲಿ ದಿನದಿನಕ್ಕೆ ಬರೆದಿಟ್ಟುಕೊಂಡದ್ದನ್ನು ಇಲ್ಲಿ ತಿದ್ದಿ ಬರೆದಿದ್ದೇನೆ. ತಪ್ಪುಗಳನ್ನು ಮಾತ್ರ ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ.

ನವೆಂಬರ್ 3, 2025: ಹೆಸರಿಗಿಂತ ಮೊದಲು ಸರಕಿನ ಪಟ್ಟಿ

ಮೊದಲ ದಿನ ಹೆಸರಿನ ಗೊಡವೆಗೆ ಹೋಗದೆ, ನಮ್ಮ ತಾಣದಲ್ಲಿ ಏನು ಮಾರಾಟಕ್ಕಿರುತ್ತದೆ, ಏನು ಇರುವುದಿಲ್ಲ ಎಂದು ಎರಡು ಅಂಕಣಗಳಲ್ಲಿ ಬರೆದೆವು. ಕನ್ಸೋಲ್, ಕಂಟ್ರೋಲರ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ಹೆಡ್‌ಸೆಟ್, ಗೇಮಿಂಗ್ ಕುರ್ಚಿ ಇವೆಲ್ಲ ಎಡಗಡೆ ಬಂದವು. ಆಟದ ಖಾತೆಗಳು, ಐಡಿಗಳು, ಕಾಯಿನ್‌ಗಳು ಬಲಗಡೆ ಹೋದವು, ಏಕೆಂದರೆ ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್‌ನಂಥ ವೇದಿಕೆಗಳ ಒಪ್ಪಂದಗಳಲ್ಲೇ ಖಾತೆಯನ್ನು ಇನ್ನೊಬ್ಬರಿಗೆ ಮಾರಬಾರದೆಂದಿದೆ. ಅಂಥ ವ್ಯಾಪಾರದಲ್ಲಿ ಕೊಂಡವನ ದುಡ್ಡು ಯಾವಾಗ ಮುಳುಗುತ್ತದೆಂದು ಹೇಳಲಾಗದು.

ಈ ಪಟ್ಟಿ ಹೆಸರಿಗೂ ಬೇಕಾಗಿತ್ತು. ಆನ್‌ಲೈನ್ ಗೇಮಿಂಗ್ ಕುರಿತ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿ, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತ್ತು. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ಆ ಕಾಯ್ದೆ ನಿಷೇಧಿಸುತ್ತದೆ. ಇ-ಸ್ಪೋರ್ಟ್ಸ್ ಮತ್ತು ಹಣದ ಸೋಂಕಿಲ್ಲದ ಆಟಗಳನ್ನು ಬೇರೆಯಾಗಿ ನೋಡುತ್ತದೆ. ನಮ್ಮದು ಹಳೆಯ ಯಂತ್ರಗಳ ಕೊಡುಕೊಳ್ಳುವಿಕೆಯಾದ್ದರಿಂದ ಕಾಯ್ದೆಯ ಭಯವೇನೂ ಇರಲಿಲ್ಲ. ಆದರೆ ಹೆಸರನ್ನು ನೋಡಿದ ಪೋಷಕರಿಗಾಗಲಿ ಬ್ಯಾಂಕಿನವರಿಗಾಗಲಿ ಜೂಜಿನ ಗುಮಾನಿ ಬರಬಾರದು ಎಂಬುದು ನನ್ನ ಮೊದಲ ನಿಯಮವಾಯಿತು. ವಿನ್, ಬೆಟ್, ಬಾಜಿ, ಜಾಕ್‌ಪಾಟ್, ಲಕ್ಕಿ ಎಂಬ ಐದು ಪದಗಳನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದು ಅಡ್ಡಗೆರೆ ಹಾಕಿದೆ.

ನವೆಂಬರ್ 5: ನಲವತ್ತೊಂದು ಹೆಸರು, ಉಳಿದದ್ದು ಒಂಬತ್ತು

ಇಬ್ಬರೂ ಕೂತು ಎರಡು ಗಂಟೆಯಲ್ಲಿ ನಲವತ್ತೊಂದು ಹೆಸರು ಬರೆದೆವು. ಅವುಗಳಲ್ಲಿ ಹನ್ನೆರಡು ಬೇರೆ ಕಂಪನಿಯ ಅಥವಾ ಬೇರೆ ಆಟದ ಹೆಸರನ್ನು ಹೊತ್ತಿದ್ದವು: ಪಿಎಸ್ ಎಂದು ಶುರುವಾಗುವವು ನಾಲ್ಕು, ಎಕ್ಸ್‌ಬಾಕ್ಸ್‌ನ ಬಾಲ ಹಿಡಿದವು ಮೂರು, ಉಳಿದವು ಪಬ್‌ಜಿ ಮತ್ತು ಫಿಫಾ ಸುತ್ತ ಹೆಣೆದವು. ಹುಡುಗನಿಗೆ ಇವೇ ಇಷ್ಟವಾಗಿದ್ದವು. ಇನ್ನೊಬ್ಬರ ಟ್ರೇಡ್‌ಮಾರ್ಕ್ ಎಂಬುದು ಒಂದು ಕಾರಣವಾದರೆ, ಅಂಥ ಹೆಸರು ನಮ್ಮ ಕೈಯಲ್ಲಿ ಬಾಳುವುದಿಲ್ಲ ಎಂಬುದು ಇನ್ನೊಂದು. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು ಭಾರತದಲ್ಲಿ ನಿಷೇಧವಾಯಿತು; 2021ರಲ್ಲಿ ಬೇರೆ ಹೆಸರಿನಿಂದ ಬಂದ ಆಟ 2022ರಲ್ಲಿ ಆ್ಯಪ್ ಅಂಗಡಿಗಳಿಂದ ಮಾಯವಾಗಿ 2023ರಲ್ಲಿ ಮರಳಿತು. ಫಿಫಾ ಎಂದೇ ಎಲ್ಲರೂ ಕರೆಯುತ್ತಿದ್ದ ಫುಟ್‌ಬಾಲ್ ಆಟ 2023ರಲ್ಲಿ ಇಎ ಸ್ಪೋರ್ಟ್ಸ್ ಎಫ್‌ಸಿ ಎಂದಾಯಿತು. ಆಟದ ಹೆಸರಿನ ಮೇಲೆ ಅಂಗಡಿಯ ಹೆಸರು ಕಟ್ಟಿದವರು ಪ್ರತಿಸಲವೂ ಬೋರ್ಡು ಬದಲಾಯಿಸಬೇಕಾಗುತ್ತದೆಂದು ಅವನಿಗೆ ಹೇಳಿದ ಮೇಲೆ ಅವನೇ ಪೆನ್ನು ತೆಗೆದುಕೊಂಡು ಹನ್ನೆರಡನ್ನೂ ಹೊಡೆದು ಹಾಕಿದ.

ಊರಿನ ಹೆಸರಿದ್ದವು ಎಂಟು. ಇವನ್ನು ಬಿಡಲು ನನಗೆ ಸಂಕಟವಾಯಿತು. ಆದರೆ ರೋಮನ್ ಲಿಪಿಯಲ್ಲಿ ನಮ್ಮ ಊರಿಗೆ ಒಂದೇ ಕಾಗುಣಿತವಿಲ್ಲ. ಜಿಲ್ಲಾಡಳಿತದ ಬರಹದಲ್ಲಿ ನಡುವೆ ಒಂದು ‘ಎ’ ಹೆಚ್ಚಿರುತ್ತದೆ. ರೈಲು ನಿಲ್ದಾಣದ ಮತ್ತು ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಅದು ಇರುವುದಿಲ್ಲ. ನಿಲ್ದಾಣದ ಸಂಕೇತವಾದ ಡಿವಿಜಿಯನ್ನು ಬಳಸಿ ನೋಡಿದೆವು. ಓದುವ ಕನ್ನಡಿಗನಿಗೆ ಅದು ತಕ್ಷಣ ಕವಿಯನ್ನು ನೆನಪಿಸುತ್ತದೆ, ಆ ಹೆಸರನ್ನು ವ್ಯಾಪಾರಕ್ಕೆ ಹಚ್ಚಲು ಮನಸ್ಸು ಒಪ್ಪಲಿಲ್ಲ. ಮೇಲಾಗಿ ನಮ್ಮ ಗಿರಾಕಿಗಳಲ್ಲಿ ಚಿತ್ರದುರ್ಗದವರು ಬಹಳ. 1997ರ ಆಗಸ್ಟ್ 15ರವರೆಗೆ ಎರಡೂ ಒಂದೇ ಜಿಲ್ಲೆಯಾಗಿದ್ದವು. ಈಗ ಅವರನ್ನು ಪರ ಊರಿನವರಂತೆ ಹೊರಗೆ ನಿಲ್ಲಿಸುವ ಹೆಸರು ನಮಗೆ ಬೇಡವಾಗಿತ್ತು.

ಹೈಫನ್ ಇದ್ದವು, ಅಂಕಿ ಇದ್ದವು ಸೇರಿ ಏಳು ಹೋದವು. ಡೊಮೇನ್‌ನ (ಅಂದರೆ ಜಾಲತಾಣದ ವಿಳಾಸದ) ಒಂದು ಭಾಗದಲ್ಲಿ 63 ಅಕ್ಷರಗಳವರೆಗೆ ಅವಕಾಶವಿದ್ದರೂ ನಾನು ಹತ್ತಕ್ಕೆ ಗಡಿ ಹಾಕಿದ್ದರಿಂದ ಇನ್ನೈದು ಹೋದವು.

ನವೆಂಬರ್ 9: ಮೊದಲ ಖರೀದಿ, ಮೊದಲ ತಪ್ಪು

ಉಳಿದ ಒಂಬತ್ತರಲ್ಲಿ ‘ಗೇಮ್‌ಸಂತೆ’ ನನ್ನ ಮನಸ್ಸು ಹಿಡಿದಿತ್ತು. ಸಂತೆ ಎಂದರೆ ಕೊಳ್ಳುವವರೂ ಮಾರುವವರೂ ಎದುರುಬದುರು ನಿಂತು ಚೌಕಾಶಿ ಮಾಡುವ ಜಾಗ. ನಾವು ಮಾಡಹೊರಟದ್ದೂ ಅದನ್ನೇ. ರೋಮನ್ ಲಿಪಿಯಲ್ಲಿ ‘ತೆ’ಗೆ ಟಿ ಮುಂದೆ ಎಚ್ ಸೇರಿಸಿ ಬರೆಯುವುದು ನಮ್ಮ ಕಡೆಯ ರೂಢಿ. ಹಾಗೆಯೇ ಬರೆದು ನೋಡಿದಾಗ ಡಾಟ್ ಇನ್‌ನಲ್ಲಿ ಹೆಸರು ಖಾಲಿ ಇತ್ತು. ಬೇರೆ ಯಾರಾದರೂ ಎತ್ತಿಕೊಂಡಾರು ಎಂಬ ಆತುರದಲ್ಲಿ, ರಾತ್ರಿ ಹತ್ತೂವರೆಗೆ, ಯಾರನ್ನೂ ಕೇಳದೆ ಕೊಂಡುಬಿಟ್ಟೆ. ಬೆಲೆ 499 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆ.

ಮರುದಿನ ಬೆಳಿಗ್ಗೆ ಹುಡುಗ ಅಂಗಡಿಗೆ ಬಂದ. ಪರದೆಯ ಮೇಲಿದ್ದ ಹೆಸರನ್ನು ಎರಡು ಸಲ ಓದಿ, “ಮಾವ, ಇದು ಗೇಮ್ಸ್ ಅಂತೆ ಅಂತ ಓದಂಗಾಗುತ್ತಲ್ರಿ” ಎಂದ.

ನಾನು ಮತ್ತೆ ನೋಡಿದೆ. ಡೊಮೇನ್‌ನಲ್ಲಿ ಪದಗಳ ನಡುವೆ ಜಾಗವಿಲ್ಲ, ದೊಡ್ಡಕ್ಷರ ಚಿಕ್ಕಕ್ಷರದ ಭೇದವಿಲ್ಲ. ಗೇಮ್ ಆದ ಮೇಲೆ ಬರುವ ಎಸ್ ಅಕ್ಷರವನ್ನು ಕಣ್ಣು ಹಿಂದಿನ ಪದಕ್ಕೇ ಅಂಟಿಸಿ ‘ಗೇಮ್ಸ್’ ಮಾಡುತ್ತದೆ; ಉಳಿದದ್ದು ‘ಅಂತೆ’. ಕಂಡಿಲ್ಲದ್ದನ್ನು, ನಂಬಿಕೆಯಿಲ್ಲದ್ದನ್ನು ಹೇಳುವಾಗ ನಾವು ಬಳಸುವ ಅದೇ ಅಂತೆ. ಹಣ ಕೊಟ್ಟು ವಸ್ತು ಬರುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿರುವ ಗಿರಾಕಿಗೆ ಅಂತೆಕಂತೆಯ ಹೆಸರು ತೋರಿಸಿದಂತಾಗಿತ್ತು. ಒಮ್ಮೆ ಹಾಗೆ ಕಂಡ ಮೇಲೆ ಮತ್ತೆ ಸಂತೆ ಕಾಣಿಸಲೇ ಇಲ್ಲ.

ಇಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಎಚ್ ತೆಗೆದರೆ ಸರಿಹೋಗುತ್ತದೆಂದು ವಾದಿಸಿ, ಎಚ್ ಇಲ್ಲದ ಕಾಗುಣಿತವನ್ನೂ ಅದೇ ದಿನ ಕೊಂಡೆ. ಮತ್ತೆ 588 ರೂಪಾಯಿ 82 ಪೈಸೆ. ನೋಂದಣಿಯಾದ ಹೆಸರಿಗೆ ಹಣ ವಾಪಸ್ ಇಲ್ಲವೆಂದು ಮಾರಿದವರ ಷರತ್ತಿನಲ್ಲೇ ಬರೆದಿತ್ತು; ನಾನು ಓದಿದ್ದು ಕೊಂಡ ಮೇಲೆ.

ನವೆಂಬರ್ 11 ಮತ್ತು 12: ಕಿವಿಯ ಪರೀಕ್ಷೆ

ಎರಡು ಹೆಸರಿಗೆ ದುಡ್ಡು ಹೋದ ಮೇಲೆ, ಮೊದಲೇ ಮಾಡಬೇಕಿದ್ದ ಪರೀಕ್ಷೆಗೆ ಕೂತೆವು. ವಿಧಾನ ಸರಳ. ಇಪ್ಪತ್ತು ಜನರಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ, ಮಾತಿನ ವೇಗದಲ್ಲೇ ಹೇಳಿ, ಅಕ್ಷರ ಬಿಡಿಸಿ ಹೇಳದೆ, ಕೇಳಿಸಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ವಾಟ್ಸಾಪ್‌ಗೆ ಕಳಿಸಿ ಎಂದು ಕೇಳುವುದು. ನಮ್ಮ ಗುಂಪಿನ ಹನ್ನೊಂದು ವಿದ್ಯಾರ್ಥಿಗಳು, ಐವರು ನೆಂಟರು, ಲಾರಿ ಆಫೀಸಿನ ಇಬ್ಬರು, ಪಕ್ಕದ ಜೆರಾಕ್ಸ್ ಅಂಗಡಿಯವರು ಮತ್ತು ಒಬ್ಬ ನಿವೃತ್ತ ಶಿಕ್ಷಕರು ಇದಕ್ಕೆ ಒಪ್ಪಿದರು.

ಗೇಮ್‌ಸಂತೆಯ ಫಲ ಹೀಗಿತ್ತು. ಎಚ್ ಇಟ್ಟು ಬರೆದವರು ಎಂಟು, ಎಚ್ ಬಿಟ್ಟವರು ಆರು. ಗೇಮ್ಸ್ ಸಂತೆ ಎಂದು ಕೇಳಿಸಿಕೊಂಡು ಎರಡು ಎಸ್ ಹಾಕಿದವರು ನಾಲ್ವರು. ಇಬ್ಬರು ಎಸ್ ಮುಂದೆ ಎಚ್ ಸೇರಿಸಿ ಶಾಂತೆ ಮಾಡಿ ಕಳಿಸಿದರು. ನಾನು ಕೊಂಡಿದ್ದ ಎರಡೂ ಕಾಗುಣಿತ ಸೇರಿದರೂ ಇಪ್ಪತ್ತರಲ್ಲಿ ಆರು ಜನ ದಾರಿ ತಪ್ಪುತ್ತಿದ್ದರು. ನಮ್ಮ ವ್ಯಾಪಾರ ಬೆಳೆದದ್ದೇ ಬಾಯಿಮಾತಿನಿಂದ: ಬಸ್ಸಿನಲ್ಲಿ, ಹಾಸ್ಟೆಲ್ಲಿನಲ್ಲಿ, ಫೋನಿನಲ್ಲಿ. ಹೇಳಿದವನು ಕಾಗುಣಿತ ಬಿಡಿಸಿ ಹೇಳುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ.

ಅದೇ ಇಪ್ಪತ್ತು ಜನರ ಮೇಲೆ ಇನ್ನೂ ಎರಡು ಹೆಸರು ಪರೀಕ್ಷಿಸಿದೆವು. ಆಟ ಎಂದು ಶುರುವಾಗುವ ಹೆಸರಿಗೆ ನಾಲ್ಕು ಬಗೆಯ ಕಾಗುಣಿತ ಬಂತು. ಆರಂಭದ ‘ಆ’ಗೆ ಒಂದು ಎ ಸಾಕೋ ಎರಡು ಬೇಕೋ ಎಂಬುದು ಯಾರಿಗೂ ನಿಶ್ಚಯವಿಲ್ಲ. ನಮ್ಮೂರಿನ ಮಂಡಿಪೇಟೆಯನ್ನು ನೆನೆದು ಇಟ್ಟುಕೊಂಡಿದ್ದ ‘ಗೇಮ್‌ಮಂಡಿ’ ಬರಹದಲ್ಲಿ ಚೆನ್ನಾಗಿತ್ತು. ಬಾಯಲ್ಲಿ ಎರಡು ಮಕಾರಗಳು ಕೂಡಿಕೊಂಡು, ಲಾರಿ ಆಫೀಸಿನಲ್ಲಿ ದಿನವೂ ಹಿಂದಿ ಆಡುವವರಿಗೆ ಅದು ಘಮಂಡಿ ಎಂದು ಕೇಳಿಸಿತು, ಅಂದರೆ ಅಹಂಕಾರಿ. ಒಂದು ಪದದ ಕೊನೆಯ ಧ್ವನಿಯೂ ಮುಂದಿನದರ ಮೊದಲ ಧ್ವನಿಯೂ ಒಂದೇ ಆಗಬಾರದು ಎಂದು ಆವತ್ತು ಪುಸ್ತಕದಲ್ಲಿ ಬರೆದುಕೊಂಡೆ.

ನವೆಂಬರ್ 13ರಿಂದ 15: ಧ್ವನಿಯಿಂದ ಹಿಂದಕ್ಕೆ

ಈಗ ಕೆಲಸದ ದಿಕ್ಕು ತಿರುಗಿಸಿದೆವು. ಅರ್ಥದಿಂದ ಹೊರಟು ಕಾಗುಣಿತಕ್ಕೆ ಬರುವ ಬದಲು, ಯಾವ ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ ಎಲ್ಲರೂ ಒಂದೇ ಬಗೆಯಲ್ಲಿ ಬರೆಯುತ್ತಾರೆ ಎಂದು ಮೊದಲು ಹುಡುಕಿದೆವು. ತ, ಥ, ದ, ಧ ಇದ್ದರೆ ಎಚ್‌ನ ಗೊಂದಲ ಬರುತ್ತದೆ. ದೀರ್ಘ ಸ್ವರವಿದ್ದರೆ ಅಕ್ಷರ ಇಮ್ಮಡಿಯಾಗುತ್ತದೋ ಇಲ್ಲವೋ ಎಂಬ ಗೊಂದಲ. ಊ ಇದ್ದರೆ ಒಬ್ಬರು ಎರಡು ಓ ಹಾಕುತ್ತಾರೆ, ಇನ್ನೊಬ್ಬರು ಒಂದು ಯು ಹಾಕುತ್ತಾರೆ. ಒತ್ತಕ್ಷರವಿದ್ದರೆ ಅರ್ಧ ಜನ ಒಂದನ್ನು ನುಂಗುತ್ತಾರೆ. ಇವೆಲ್ಲವನ್ನೂ ಬಿಟ್ಟರೆ ಉಳಿಯುವುದು ಹ್ರಸ್ವ ಸ್ವರಗಳ, ಒಂಟಿ ವ್ಯಂಜನಗಳ ಸಣ್ಣ ಪದಗಳು. ಣ ಮತ್ತು ನ, ಳ ಮತ್ತು ಲ ನಮ್ಮ ಕಿವಿಗೆ ಬೇರೆಬೇರೆಯಾದರೂ ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಒಂದೇ ಅಕ್ಷರವಾಗುವುದರಿಂದ ಅವು ತೊಂದರೆ ಕೊಡುವುದಿಲ್ಲ. ಬರಹದಲ್ಲಿ ಕೊರತೆಯೆಂದು ನಾವು ದೂರುವ ಸಂಗತಿಯೇ ಇಲ್ಲಿ ಉಪಯೋಗಕ್ಕೆ ಬಂತು.

ಈ ಜರಡಿಯಲ್ಲಿ ಊರಾಟಗಳ ಹೆಸರುಗಳನ್ನು ಹಾಕಿದೆವು. ಲಗೋರಿ ಬಹುಮಟ್ಟಿಗೆ ತೇರ್ಗಡೆಯಾಯಿತು, ಆದರೆ ಬೆಂಗಳೂರಿನ ಹೆಸರಾಂತ ವಾದ್ಯವೃಂದವೊಂದು ಅದೇ ಹೆಸರಿನದು. ಪಗಡೆಯ ಕಾಗುಣಿತ ಸ್ವಲ್ಪವೂ ತಪ್ಪುವುದಿಲ್ಲ. ಆದರೆ ಪಗಡೆ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಧರ್ಮರಾಯ ರಾಜ್ಯವನ್ನು ಪಣಕ್ಕೊಡ್ಡಿದ ಸಭೆ. ಮೊದಲ ದಿನ ಹಾಕಿಕೊಂಡ ನಿಯಮವೇ ಅದನ್ನು ತಳ್ಳಿಹಾಕಿತು. ಚೌಕಾಬಾರಕ್ಕೆ ಎಷ್ಟು ಮನೆಗಳೋ ಅಷ್ಟು ಕಾಗುಣಿತ.

ನವೆಂಬರ್ 16: ಕಣ

ಭಾನುವಾರ ಅಕ್ಕನನ್ನು ಕರೆದುಕೊಂಡು ಜಗಳೂರಿನ ಕಡೆ ನಮ್ಮ ಹಳ್ಳಿಗೆ ಹೋಗುತ್ತಿದ್ದೆವು. ಮೆಕ್ಕೆಜೋಳದ ಸುಗ್ಗಿ, ಟಾರು ರಸ್ತೆಯ ಅರ್ಧಭಾಗದಲ್ಲಿ ಕಾಳು ಹರವಿ, ಅಂಚಿಗೆ ಕಲ್ಲು ಜೋಡಿಸಿದ್ದರು. ಅಕ್ಕ ಕಿಟಕಿಯಿಂದ ನೋಡುತ್ತಾ, “ಈಗ ಕಣ ಎಲ್ಲಿ ಮಾಡ್ತಾರಪ್ಪ, ರಸ್ತೆನೇ ಕಣ ಆಗೈತಿ” ಎಂದಳು.

ಹಿಂದಿನ ಸೀಟಿನಲ್ಲಿದ್ದ ಹುಡುಗನೂ ನಾನೂ ಏಕಕಾಲಕ್ಕೆ ಆ ಪದವನ್ನು ಹಿಡಿದೆವು. ಬೆಳೆ ತಂದು ರಾಶಿ ಮಾಡಿ, ತೂರಿ, ಅಳೆದು, ಕೊಡುವವರಿಗೆ ಕೊಡುವ ಜಾಗ ಕಣ. ಆಟಗಾರರು ಎದುರಾಗುವ ಜಾಗವೂ ಕಣ. ಕುಸ್ತಿಯಿಂದ ಚುನಾವಣೆಯವರೆಗೆ ಕಣಕ್ಕಿಳಿಯುವುದು ಎಂದೇ ನಾವು ಹೇಳುತ್ತೇವೆ. ಎರಡು ಹ್ರಸ್ವ ಅಕ್ಷರ, ಒತ್ತಿಲ್ಲ, ಎಚ್ ಇಲ್ಲ. ಗೇಮ್ ಮುಂದೆ ಸೇರಿಸಿದರೆ ಮಕಾರಕ್ಕೂ ಕಕಾರಕ್ಕೂ ಘರ್ಷಣೆಯಿಲ್ಲ. ರೋಮನ್ ಲಿಪಿಯಲ್ಲಿ ಒಟ್ಟು ಎಂಟು ಅಕ್ಷರ.

ಹದಿಮೂರು ದಿನ ಪರದೆಯ ಮುಂದೆ ಕೂತು ಹುಡುಕಿದ್ದು ಅಕ್ಕನ ಬಾಯಲ್ಲಿ ಇತ್ತೆಂಬುದು ನನಗೆ ಈಗಲೂ ಸಂತೋಷ ಕೊಡುತ್ತದೆ. ಆದರೂ ಈ ಸಲ ಆತುರ ಪಡಲಿಲ್ಲ. ಮೂರು ದಿನ ಮೊಬೈಲ್ ಮುಟ್ಟದೆ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ನವೆಂಬರ್ 19: ಎರಡನೆಯ ಕಿವಿಯ ಪರೀಕ್ಷೆ

ಹಳೆಯ ಇಪ್ಪತ್ತು ಜನ ಆಗಲೇ ಪಳಗಿದ್ದರಿಂದ ಹೊಸ ಇಪ್ಪತ್ತು ಜನರನ್ನು ಹುಡುಕಿದೆವು. ಅವರಲ್ಲಿ ಎಂಟು ಮಂದಿ ಚಿತ್ರದುರ್ಗ ಮತ್ತು ಹರಿಹರದವರು. ಹದಿನೇಳು ಜನ ನಾವು ಬಯಸಿದ ಕಾಗುಣಿತವನ್ನೇ ಕಳಿಸಿದರು. ಇಬ್ಬರು ಎನ್ ಇಮ್ಮಡಿ ಮಾಡಿ ಕನ್ನ ಎಂದರು, ಒಬ್ಬರು ಗೇಮ್‌ನ ಇ ಬಿಟ್ಟರು. ಅಕ್ಷರ ಒಡೆದು ಓದುವ ಪರೀಕ್ಷೆಯನ್ನೂ ಮಾಡಿದೆವು: ಹೆಸರನ್ನು ಚೀಟಿಯಲ್ಲಿ ಬರೆದು ಹತ್ತು ಜನರಿಗೆ ತೋರಿಸಿ ಗಟ್ಟಿಯಾಗಿ ಓದಲು ಹೇಳಿದೆವು. ಹತ್ತೂ ಜನ ಗೇಮ್‌ಕಣ ಎಂದೇ ಓದಿದರು. ನಕಾರವೋ ಣಕಾರವೋ ಎಂಬುದರಲ್ಲಿ ಮಾತ್ರ ವ್ಯತ್ಯಾಸವಿತ್ತು.

ನವೆಂಬರ್ 20ರಿಂದ 22: ಹಿನ್ನೆಲೆಯ ತಪಾಸಣೆ

ಮೂರು ಕಡೆ ನೋಡಿದೆವು. ಮೊದಲನೆಯದು ನೋಂದಣಿಯ ದಾಖಲೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ 2025ರ ಜನವರಿ 28ರಿಂದ ಹೆಸರಿನ ನೋಂದಣಿ ವಿವರ ತೋರಿಸುವ ಹಳೆಯ ಹೂಈಸ್ ಬದಲು ಆರ್‌ಡಿಎಪಿ ಎಂಬ ವ್ಯವಸ್ಥೆ ಅಧಿಕೃತವಾಗಿದೆ; ಅದರಲ್ಲಿ ಹೆಸರು ಖಾಲಿ ಎಂದು ಖಚಿತವಾಯಿತು.

ಎರಡನೆಯದು ವೇಬ್ಯಾಕ್ ಮಷೀನ್, ಅಂದರೆ ಹಳೆಯ ಪುಟಗಳ ಭಂಡಾರ. ಇದು ಎಷ್ಟು ಅಗತ್ಯವೆಂಬುದು ನಮ್ಮ ಮೀಸಲು ಪಟ್ಟಿಯ ಇನ್ನೊಂದು ಹೆಸರಿನಿಂದ ತಿಳಿಯಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗ ಖಾಲಿ ಇರುವ ಅದನ್ನು ಹಿಂದೆ ಯಾರೋ ಮೂರು ವರ್ಷ ಇಟ್ಟುಕೊಂಡು ರಮ್ಮಿಯ ಜಾಹೀರಾತು ತುಂಬಿದ್ದರು. ಆ ಪುಟಗಳಿಗೆ ಬಿದ್ದಿರುವ ಕೊಂಡಿಗಳು, ಕೆಟ್ಟ ಹೆಸರು, ಮೇಲ್ ಸೇವೆಗಳ ಕಪ್ಪುಪಟ್ಟಿ ಎಲ್ಲವೂ ಹೊಸ ಒಡೆಯನಿಗೆ ಬಳುವಳಿಯಾಗಿ ಬರಬಹುದು. ಗೇಮ್‌ಕಣಕ್ಕೆ ಅಂಥ ಪೂರ್ವಜನ್ಮವೇನೂ ಕಾಣಲಿಲ್ಲ.

ಮೂರನೆಯದು ಟ್ರೇಡ್‌ಮಾರ್ಕ್ ಇಲಾಖೆಯ ಸಾರ್ವಜನಿಕ ಹುಡುಕಾಟ. ಇಲ್ಲಿ ಬರೀ ಪದ ಹಾಕಿ ಬಿಡಬಾರದು. ಉಚ್ಚಾರಣೆಯ ಹೋಲಿಕೆಯಿಂದ ಹುಡುಕುವ ಆಯ್ಕೆಯೂ ಇದೆ, ಅದನ್ನೂ ನೋಡಬೇಕು. ಸಾಫ್ಟ್‌ವೇರ್‌ಗೆ 9ನೆಯ ವರ್ಗ, ಆಟದ ಸಾಧನಗಳಿಗೆ 28, ಮಾರಾಟ ಸೇವೆಗೆ 35, ಮನರಂಜನೆಗೆ 41. ನಾಲ್ಕನ್ನೂ ಎರಡೂ ಬಗೆಯಲ್ಲಿ ನೋಡಲು ಒಂದು ಸಂಜೆ ಹಿಡಿಯಿತು. ಡೊಮೇನ್ ಕೊಂಡ ಮಾತ್ರಕ್ಕೆ ಹೆಸರು ನಮ್ಮದಾಗುವುದಿಲ್ಲ ಎಂಬುದನ್ನು ಅನೇಕ ಅಂಗಡಿಯವರು ನಂಬುವುದಿಲ್ಲ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಅದರ ಇನ್ನೊಂದು ಮುಖವೆಂದರೆ, ಬೇರೆಯವರ ಹೆಸರಿಗೆ ಹತ್ತಿರವಾದ ಡೊಮೇನ್ ಕೊಂಡವನು ಅದನ್ನು ಕಳೆದುಕೊಳ್ಳಲೂಬಹುದು.

ನವೆಂಬರ್ 23: ಬಾಲ ಯಾವುದು, ಒಡೆಯ ಯಾರು

ಹುಡುಗನ ಆಸೆ ಡಾಟ್ ಜಿಜಿ. ಆಟ ಮುಗಿದಾಗ ಎದುರಾಳಿಗೆ ಸೌಜನ್ಯದಿಂದ ಜಿಜಿ (ಗುಡ್ ಗೇಮ್) ಎಂದು ಬರೆಯುವುದು ಗೇಮರುಗಳ ರೂಢಿ, ಆದ್ದರಿಂದ ಆ ಲೋಕದಲ್ಲಿ ಅದಕ್ಕೆ ಬೆಲೆ. ವಾಸ್ತವವಾಗಿ ಅದು ಇಂಗ್ಲಿಷ್ ಕಾಲುವೆಯಲ್ಲಿರುವ ಗರ್ನ್ಸಿ ದ್ವೀಪದ ಡೊಮೇನ್. ವರ್ಷಕ್ಕೆ ಐದು ಸಾವಿರ ರೂಪಾಯಿಗೂ ಹೆಚ್ಚು ಕೇಳುತ್ತಿದ್ದರು. ಬೆಲೆಗಿಂತ ದೊಡ್ಡ ಅಡ್ಡಿ ಎಂದರೆ, ಫೋನಿನಲ್ಲಿ ಹೇಳಿದ ಆರು ಜನರಲ್ಲಿ ನಾಲ್ವರು ಅದರ ಮುಂದೆ ಡಾಟ್ ಕಾಮ್ ಸೇರಿಸಿ ಬರೆದರು. ಡಾಟ್ ಸ್ಟೋರ್, ಡಾಟ್ ಗೇಮ್ಸ್‌ಗಳೂ ಇದೇ ಕಾರಣಕ್ಕೆ ಹೋದವು. ಅಲ್ಲದೆ ಮೊದಲ ವರ್ಷದ ಅಗ್ಗದ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ನವೀಕರಣದ ಬೆಲೆ ಹಲವು ಪಟ್ಟು ಹೆಚ್ಚಿತ್ತು.

ನನ್ನ ಆಸೆ ಡಾಟ್ ಭಾರತ, ಅದೂ ಕನ್ನಡ ಲಿಪಿಯಲ್ಲಿ. ಕನ್ನಡದ ಹೆಸರು ಕನ್ನಡದಲ್ಲೇ ಇರಲೆಂದು ಒಂದು ಇಡೀ ಮಧ್ಯಾಹ್ನ ಪ್ರಯತ್ನಿಸಿದೆ. ಗೇಮ್‌ಕಣ ಎಂದು ಬರೆಯುವಾಗ ಮಕಾರದ ಪೊಲ್ಲು, ಅಂದರೆ ಸ್ವರವಿಲ್ಲವೆಂದು ತೋರಿಸುವ ಗುರುತು, ಉಳಿಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು. ಅದಿಲ್ಲದಿದ್ದರೆ ‘ಗೇಮ್ಕಣ’ ಎಂದು ಕಕಾರ ಒತ್ತಾಗಿ ಕೆಳಗಿಳಿಯುತ್ತದೆ. ಗಿರಾಕಿಯ ಕೀಲಿಮಣೆ ಆ ಚಿಹ್ನೆಯನ್ನು ಹಾಕುತ್ತದೋ ಇಲ್ಲವೋ ಹೇಳಲಾಗದು. ಇನ್ನು ಕನ್ನಡ ಲಿಪಿಯ ವಿಳಾಸವನ್ನು ಯಂತ್ರಗಳು ಒಳಗೆ ಎಕ್ಸ್ ಎನ್ ಎಂದು ಶುರುವಾಗುವ ರೋಮನ್ ಸಾಲಾಗಿ ಬದಲಿಸಿಕೊಳ್ಳುತ್ತವೆ. ಹಳೆಯ ಫೋನೊಂದರಲ್ಲಿ ಕೊಂಡಿ ಆ ಸಾಲಾಗಿಯೇ ಕಾಣಿಸಿ, ನೋಡಿದ ಜೆರಾಕ್ಸ್ ಅಂಗಡಿಯವರು ಇದು ಮೋಸದ ಲಿಂಕ್ ಇರಬೇಕೆಂದು ಹೆದರಿದರು. ಇದನ್ನು ಬಿಟ್ಟುಕೊಟ್ಟದ್ದು ನನಗೆ ನೋವಿನ ಸಂಗತಿ.

ಕೊನೆಗೆ ಡಾಟ್ ಇನ್ ಮುಖ್ಯವಾಗಿ, ಡಾಟ್ ಕಾಮ್ ಕಾವಲಿಗಾಗಿ ಕೊಂಡೆವು. ಡಾಟ್ ಇನ್ 588 ರೂಪಾಯಿ 82 ಪೈಸೆ. ಡಾಟ್ ಕಾಮ್ 1,099ಕ್ಕೆ ತೆರಿಗೆ ಸೇರಿ 1,296 ರೂಪಾಯಿ 82 ಪೈಸೆ. ಮುಂದಿನ ವರ್ಷ ಡಾಟ್ ಇನ್‌ನ ನವೀಕರಣಕ್ಕೆ 799 ಮತ್ತು ತೆರಿಗೆ, ಅಂದರೆ 942 ರೂಪಾಯಿ 82 ಪೈಸೆ ಬೇಕು. ಪಾವತಿಯ ಪುಟದಲ್ಲಿ ತಾನಾಗಿಯೇ ಟಿಕ್ ಆಗಿದ್ದ ಮೇಲ್ ಸೇವೆ, ಭದ್ರತಾ ಸೇವೆಗಳನ್ನು ಒಂದೊಂದಾಗಿ ತೆಗೆದೆ.

ಒಡೆತನದ ಬಗ್ಗೆ ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಅಂಗಡಿಗೆಂದು ಒಂದು ತಾಣ ಮಾಡಿಸಿದ್ದೆ. ಮಾಡಿಕೊಟ್ಟವರು ಡೊಮೇನ್ ಅನ್ನು ತಮ್ಮ ಖಾತೆಯಲ್ಲಿ, ತಮ್ಮ ಹೆಸರಿನಲ್ಲೇ ಕೊಂಡಿದ್ದರು. ಅವರು ಊರು ಬಿಟ್ಟ ಮೇಲೆ ನವೀಕರಣದ ಸೂಚನೆ ನನಗೆ ಬರಲಿಲ್ಲ, ಹೆಸರು ಕೈತಪ್ಪಿತು, ವಿಸಿಟಿಂಗ್ ಕಾರ್ಡುಗಳೆಲ್ಲ ರದ್ದಿಯಾದವು. ಈ ಸಲ ಖಾತೆ, ಮೇಲ್, ಫೋನ್ ನಂಬರ್ ಮೂರೂ ನನ್ನವೇ. ಡಾಟ್ ಇನ್‌ನಲ್ಲಿ ಒಡೆಯನ ವಿವರವನ್ನು ಬೇರೆಯವರ ಹೆಸರಿನ ಮುಸುಕಿನಲ್ಲಿ ಇಡಲು ಅವಕಾಶವಿಲ್ಲದ್ದರಿಂದ ಮನೆಯ ವಿಳಾಸದ ಬದಲು ಅಂಗಡಿಯ ವಿಳಾಸ ಕೊಟ್ಟೆ.

ನವೆಂಬರ್ 24: ನೋಡದೇ ಬಿಟ್ಟದ್ದು

ಕೊಂಡ ಮರುದಿನ ಹೆಸರಿನ ಎರಡೂ ಪದಗಳನ್ನು ಬಿಡಿಸಿ ಹುಡುಕಾಟದಲ್ಲಿ ಹಾಕಿದಾಗ ಜಪಾನಿ ಅಕ್ಷರ ಕಲಿಸುವ ಆಟಗಳು ಸಾಲುಸಾಲಾಗಿ ಬಂದವು. ಹಿರಗಾನ, ಕಟಕಾನ ಎಂಬ ಜಪಾನಿ ಲಿಪಿಗಳಿಗೆ ಒಟ್ಟಾಗಿ ಕಾನ ಎನ್ನುತ್ತಾರೆ. ರೋಮನ್ ಲಿಪಿಯಲ್ಲಿ ಅದರ ಕಾಗುಣಿತವೂ ನಮ್ಮ ಕಣದ ಕಾಗುಣಿತವೂ ಒಂದೇ. ನೋಂದಣಿ, ಹಳೆಯ ಪುಟ, ಟ್ರೇಡ್‌ಮಾರ್ಕ್ ಎಲ್ಲ ನೋಡಿದ ನಾನು ಬರೀ ಹುಡುಕಾಟದ ಪೆಟ್ಟಿಗೆಯಲ್ಲಿ ಪದ ಬಿಡಿಸಿ ಹಾಕಿ ನೋಡಿರಲಿಲ್ಲ. ಹತ್ತು ಸೆಕೆಂಡಿನ ಕೆಲಸ.

ಒಂದು ದಿನ ಇಬ್ಬರೂ ಮಂಕಾಗಿದ್ದೆವು. ಆಮೇಲೆ ಲೆಕ್ಕ ಹಾಕಿದೆವು: ವಾಟ್ಸಾಪ್ ಗುಂಪಿಗೆ ಕೊನೆಯದಾಗಿ ಸೇರಿದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಪರಿಚಿತರು ಕಳಿಸಿದ ಕೊಂಡಿಯಿಂದ ಬಂದವರು. ಹುಡುಕಾಟದಿಂದ ಬರುವವರು ಹೇಗೂ ಹಳೆಯ ಕನ್ಸೋಲ್ ದಾವಣಗೆರೆ ಎಂದು ಹಾಕುತ್ತಾರೆ. ಹೆಸರು ಉಳಿಸಿಕೊಂಡು, ಪ್ರತಿ ಪುಟದ ತಲೆಬರಹದಲ್ಲಿ ಊರಿನ ಹೆಸರನ್ನು ಎರಡೂ ಕಾಗುಣಿತದಲ್ಲಿ, ಕನ್ನಡದಲ್ಲೂ ಸೇರಿಸಿದೆವು.

ಡಿಸೆಂಬರ್ 9: ಡಾಟ್ ಕಾಮ್ ನಿಂತುಹೋದದ್ದು

ಡಾಟ್ ಕಾಮ್ ವಿಳಾಸ ಹಾಕಿದವರನ್ನು ಡಾಟ್ ಇನ್‌ಗೆ ಕಳಿಸುವ ವ್ಯವಸ್ಥೆ ಎರಡು ವಾರ ಸರಿಯಾಗಿ ನಡೆದು ಈ ದಿನ ಬೆಳಿಗ್ಗೆ ನಿಂತಿತು. ಹುಡುಗ ಸರ್ವರ್ ಕಡೆ ಮೂರು ತಾಸು ಹುಡುಕಿದ, ಏನೂ ಸಿಗಲಿಲ್ಲ. ತಪ್ಪು ನನ್ನದಾಗಿತ್ತು. ಇಂಥ ಡೊಮೇನ್ ಕೊಂಡವರು ತಮ್ಮ ಮೇಲ್ ವಿಳಾಸವನ್ನು ಹದಿನೈದು ದಿನಗಳೊಳಗೆ ದೃಢಪಡಿಸದಿದ್ದರೆ ಹೆಸರನ್ನು ತಡೆಹಿಡಿಯಬೇಕೆಂಬುದು ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ. ಆ ಮೇಲ್ ನವೆಂಬರ್ 23ರಂದೇ ಬಂದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೂತಿತ್ತು, ನೆನಪೋಲೆಗಳು ಎರಡು ಅದರ ಪಕ್ಕದಲ್ಲೇ ಇದ್ದವು. ಕೊಂಡಿ ಒತ್ತಿದ ಮೇಲೆ ಸಂಜೆ ಹೊತ್ತಿಗೆ ಸರಿಹೋಯಿತು.

ಹಣ ಪಾವತಿಯ ಸೇವೆ ಕೊಡುವ ಕಂಪನಿಯೂ ಇದೇ ವಾರ ಒಪ್ಪಿಗೆ ಕೊಟ್ಟಿತು. ಹೆಸರಿನಲ್ಲಿ ಗೇಮ್ ಇದೆಯೆಂಬ ಕಾರಣಕ್ಕೆ ಅವರು ಹನ್ನೊಂದು ದಿನ ಅರ್ಜಿ ತಡೆದು, ಹಣ ಕಟ್ಟುವ ಆಟ ಯಾವುದೂ ಇಲ್ಲವೆಂದು ಬರಹದಲ್ಲಿ ಕೇಳಿದ್ದರು. ಮೊದಲ ದಿನ ಬರೆದ ಎರಡು ಅಂಕಣದ ಪಟ್ಟಿಯನ್ನೇ ಸ್ವಚ್ಛವಾಗಿ ಬರೆದು ಕಳಿಸಿದೆ, ಅದೇ ಸಾಕಾಯಿತು.

ಡಿಸೆಂಬರ್ 12: ಲೆಕ್ಕ ಮತ್ತು ಬಾಕಿ

ಹೆಸರುಗಳಿಗೆ ಒಟ್ಟು ಖರ್ಚಾದದ್ದು 3,063 ರೂಪಾಯಿ 28 ಪೈಸೆ. ಅದರಲ್ಲಿ 1,177 ರೂಪಾಯಿ 64 ಪೈಸೆ ಎರಡು ಸಂತೆಗಳಿಗೆ ದಂಡ. ಮಾರಾಟ ಸೇವೆಯ 35ನೆಯ ವರ್ಗಕ್ಕೆ ಟ್ರೇಡ್‌ಮಾರ್ಕ್ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಿದೆ. ವ್ಯಕ್ತಿಯಾಗಿ ಹಾಕಿದವರಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. 28ನೆಯ ವರ್ಗಕ್ಕೆ ಹಾಕುವುದು ಬಾಕಿ ಇದೆ. ಎರಡು ಸಂತೆ ಹೆಸರುಗಳ ತಾನಾಗಿ ನವೀಕರಣವಾಗುವ ಗುಂಡಿಯನ್ನು ಆರಿಸಿದ್ದೇನೆ, ಕಣದ ಎರಡಕ್ಕೂ ಹಾಕಿದ್ದೇನೆ. ಆದರೂ ಅಂಗಡಿಯ ಗೋಡೆಯ ಕ್ಯಾಲೆಂಡರಿನ ಕೊನೆಯ ಹಾಳೆಯಲ್ಲಿ ಮುಂದಿನ ನವೆಂಬರ್ ತಾರೀಖುಗಳನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.

ಮಧ್ಯಾಹ್ನ ಬೋರ್ಡ್ ಬರೆಯುವವರು ಬಂದರು. ಅಕ್ಷರಕ್ಕೆ 60 ರೂಪಾಯಿಯಂತೆ ವಿಳಾಸಕ್ಕೆ ಹತ್ತು ಅಕ್ಷರ, ಚುಕ್ಕೆಗೆ ಲೆಕ್ಕವಿಲ್ಲವೆಂದರು. ಅದರ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಗೇಮ್‌ಕಣ ಎಂದು ಬರೆಯಲು ಹೇಳಿ, ಮಕಾರದ ಪೊಲ್ಲು ಎಲ್ಲಿ ಬರಬೇಕು, ಕಕಾರ ಒತ್ತಾಗಬಾರದು ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದೆ.